ಅಕ್ಕನ ಒಪ್ಪಿಗೆ

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅಕ್ಕ ಅವನಿಗಿಂತ ಮುಂದಿದ್ದಳು. ಅದೇ ಅವನಿಗೆ ಸರಿಬರಲಿಲ್ಲ. ಕರೆದುಕೊಂಡು ಬರುತ್ತಿದ್ದವನು ತಾನು. ಅವಳು ಹಿಂದುಳಿಯಬೇಕಿತ್ತು, ಕಾಲೆಳೆಯಬೇಕಿತ್ತು, ಒಂದು ಸಲವಾದರೂ ನಿಂತು ಅಂಗೈ ಮೇಲೆ ಮಾಡಿ 'ಯಾಕೆ?' ಎಂದು ಕೇಳಬೇಕಿತ್ತು. ಕೇಳಿದ್ದರೆ ಹೇಳಲೆಂದು ಒಂದು ವಾರದಿಂದ ಉತ್ತರವೊಂದನ್ನು ಉಜ್ಜಿ ಉಜ್ಜಿ ನುಣುಪು ಮಾಡಿಟ್ಟುಕೊಂಡಿದ್ದ. ಅವಳು ಕೇಳಲೇ ಇಲ್ಲ. ಕೈಚೀಲವನ್ನು ಕಂಕುಳಲ್ಲಿ ಅವುಚಿಕೊಂಡು, ತಿಂಗಳುಗಟ್ಟಲೆ ಕರೆದವರ ಮನೆಗೆ ಕೊನೆಗೂ ಹೊರಟವಳ ಹಾಗೆ ಹತ್ತುತ್ತಿದ್ದಳು. ಮೂರು ತಿಂಗಳಿಂದ ಅವಳಿಗೆ ಹೊಟ್ಟೆನೋವು ಇದ್ದದ್ದು ನಿಜ. ಮುಟ್ಟಾದ ದಿನಗಳಲ್ಲಿ ಮೊಣಕಾಲನ್ನು ಎದೆಗೆ ಸೇರಿಸಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಆ ನೋವು ನಿಜವಾಗಿದ್ದದ್ದೇ ಅವನಿಗೆ ಹಿಡಿದುಕೊಳ್ಳಲು ಸಿಕ್ಕಿದ್ದ ಒಂದು ಕಂಬಿ. ಪೂರ್ತಿ ಸುಳ್ಳಲ್ಲವಲ್ಲ, ಎಂದು ಪ್ರತಿ ಮೆಟ್ಟಿಲಿಗೂ ಒಂದು ಸಲ ಅಂದುಕೊಂಡ. ಮನೆ ಹತ್ತಿರದ ಡಾಕ್ಟರು ಮಾತ್ರೆಯಲ್ಲೇ ವಾಸಿಯಾಗುತ್ತದೆ ಅಂದಿದ್ದರು. ಅಮ್ಮ ಕುರ್ಚಿಯ ತುದಿಗೆ ಜರುಗಿ, ದನಿ ಇಳಿಸಿ, ಕೇಳದವಳ ಮುಂದೆ ದನಿ ಇಳಿಸಿ, "ಗರ್ಭಕೋಶಾನೇ ತೆಗೆಸಿಬಿಟ್ರೆ?" ಎಂದು ಕೇಳಿದ್ದಳು. ಡಾಕ್ಟರು ಅಮ್ಮನನ್ನು ನೋಡಿದರು, ಅಕ್ಕನನ್ನು ನೋಡಿದರು, ಗಡಿಯಾರ ನೋಡಿದರು, ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಆ ಚೀಟಿ ಈಗ ಅವನ ಅಂಗಿಯ ಜೇಬಿನಲ್ಲಿ ಬೆವರಿಗೆ ಮೆತ್ತಗಾಗಿತ್ತು.

ಹೊರರೋಗಿಗಳ ಹಾಲಿನಲ್ಲಿ ಬೆಂಚಿಗೆ ಬೆಂಚು ಅಂಟಿಸಿಟ್ಟಿದ್ದರು. ನಂಬರು ಕೂಗುವ ಹೆಂಗಸಿಗೆ ನೆಗಡಿಯಾಗಿತ್ತು. ಮೂವತ್ತು ಎಂದಳೋ ಮೂವತ್ತಾರು ಎಂದಳೋ ತಿಳಿಯದೆ ಜನ ಎದ್ದು ಕೂತು ಮಾಡುತ್ತಿದ್ದರು. ಅಕ್ಕ ಅದನ್ನೆಲ್ಲ ಕುತೂಹಲದಿಂದ ನೋಡಿದಳು. ಹುಟ್ಟಿದಾಗಿನಿಂದ ಕಿವಿ ಕೇಳದವಳು, ಮೂವತ್ತೈದು ವರ್ಷದ ಹೆಂಗಸು, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಲೋಕವನ್ನು ಅವಳು ಮೊದಲು ಸುಕ್ಕುಗಳಲ್ಲಿ ಓದುತ್ತಿದ್ದಳು. ಪಕ್ಕದಲ್ಲಿ ಹಾದುಹೋದ ಎಳೆ ಡಾಕ್ಟರೊಬ್ಬನ ಬಿಳಿ ಕೋಟಿನ ಬೆನ್ನು ನೋಡಿ, ಮೂಗು ಮುರಿದು, ತಮ್ಮನ ಕಡೆ ತಿರುಗಿ ಕೈಯಲ್ಲೇ ಹೇಳಿದಳು: ಹಸಿ ಇರುವಾಗಲೇ ಮಡಚಿಟ್ಟಿದ್ದಾರೆ, ಕತ್ತೆಗಳು. ಅವನಿಗೆ ನಗು ಬಂತು. ನಗು ಅರ್ಧಕ್ಕೆ ಬಂದಾಗ ಎದುರು ಬೆಂಚಿನ ಮುದುಕನೊಬ್ಬ ಇಬ್ಬರ ಕೈಗಳನ್ನೇ ನೋಡುತ್ತಿರುವುದು ಕಂಡು ನಗು ಅಲ್ಲೇ ನಿಂತಿತು. ಚಿಕ್ಕಂದಿನಿಂದಲೂ ಹೀಗೇ. ಬೀದಿಯಲ್ಲಿ ಅವಳು ಏನಾದರೂ ಹೇಳಲು ಕೈಯೆತ್ತಿದರೆ ಅವನು ಆ ಕೈಯನ್ನು ಹಿಡಿದುಬಿಡುತ್ತಿದ್ದ. ನೋಡಿದವರಿಗೆ ತಮ್ಮನೊಬ್ಬ ಅಕ್ಕನ ಕೈ ಹಿಡಿದು ನಡೆಯುತ್ತಿದ್ದಾನೆ, ಎಷ್ಟು ಪ್ರೀತಿ, ಅನ್ನಿಸುವ ಹಾಗೆ. ಬಾಯಿ ಮುಚ್ಚಿಸುವುದಕ್ಕೆ ಅದಕ್ಕಿಂತ ಸಭ್ಯವಾದ ದಾರಿ ಇರಲಿಲ್ಲ.

ಅವನು ಕೋರ್ಟಿನಲ್ಲಿ ಸ್ಟೆನೊ. ಸಾಕ್ಷಿ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುವುದು ಅವನ ಕೆಲಸ. ಹೇಳಿದವನು ತೊದಲಿದರೆ ತೊದಲಿದ್ದು, ಅತ್ತರೆ ಅತ್ತದ್ದು. ಹನ್ನೊಂದು ವರ್ಷದಲ್ಲಿ ಅವನ ಬರಹದ ಮೇಲೆ ಒಂದು ತಕರಾರು ಬಂದಿರಲಿಲ್ಲ. ನಿವೃತ್ತರಾದ ನ್ಯಾಯಾಧೀಶರು ಬೀಳ್ಕೊಡುಗೆಯ ದಿನ ಅವನ ಬೆನ್ನು ತಟ್ಟಿ, "ನೀನು ಕೂತಿದ್ರೆ ನಾನು ಕಿವಿ ಮುಚ್ಕೊಂಡು ಕೂರಬಹುದಿತ್ತು ಕಣಯ್ಯ," ಅಂದಿದ್ದರು. ಎಲ್ಲರೂ ನಕ್ಕಿದ್ದರು. ಅವನಿಗೆ ಮಾತ್ರ ಆ ಮಾತು ಮುಳ್ಳಿನ ಹಾಗೆ ಒಳಗೆ ಹೋಗಿತ್ತು. ಯಾಕೆಂದು ಯಾರಿಗೆ ಹೇಳುವುದು? ಮೂರು ವರ್ಷದವನಿದ್ದಾಗಲೇ ಅವನು ಅಕ್ಕನ ಬಾಯಿಯಾಗಿದ್ದ. ಇಬ್ಬರೂ ಸೇರಿ ಮನೆಯಲ್ಲೇ ಹುಟ್ಟಿಸಿಕೊಂಡ ಕೈಭಾಷೆ. ಅದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ. ಅಮ್ಮನಿಗೆ ಊಟ, ನಿದ್ದೆ, ಬೈಗುಳ ಇಷ್ಟು ಬರುತ್ತಿತ್ತು. ಅಕ್ಕನ ಕೈಯಲ್ಲಿ ಅಮ್ಮ ಎಂದರೆ ಹಣೆ ಚಚ್ಚಿಕೊಳ್ಳುವುದು. ತಮ್ಮ ಎಂದರೆ ತೋಳಿನಿಂದ ಮೂಗು ಒರೆಸಿಕೊಳ್ಳುವುದು. ಮೂವತ್ತೆರಡು ವರ್ಷವಾಗಿ, ಮದುವೆಯಾಗಿ, ಕೆಲಸದಲ್ಲಿ ಒಂದು ಬಡ್ತಿಯೂ ಸಿಕ್ಕಿದ ಮೇಲೂ ಅವಳ ಕೈಯಲ್ಲಿ ಅವನ ಹೆಸರು ಸೋರುವ ಮೂಗೇ.

ಆದರೆ ಈಚೆಗೆ ಆರು ತಿಂಗಳಿಂದ ಅವಳ ಕೈಯಲ್ಲಿ ಅವನಿಗೆ ತಿಳಿಯದ ಮಾತುಗಳು ಬರತೊಡಗಿದ್ದವು. ಬೆರಳುಗಳು ಬೇರೆ ತಾಳದಲ್ಲಿ ಓಡುತ್ತಿದ್ದವು. ಹೇಳುತ್ತ ಹೇಳುತ್ತ ಅವಳು ತಟ್ಟನೆ ನಿಂತು, ಅಯ್ಯೋ ಇವನಿಗೆ ಬರಲ್ಲವಲ್ಲ ಎಂಬಂತೆ, ಮತ್ತೆ ಹಳೆಯ ಕೈಗೆ ಇಳಿಯುತ್ತಿದ್ದಳು. ಆ ಇಳಿಯುವಿಕೆ ಅವನ ಕಣ್ಣಿಗೆ ಚುಚ್ಚುತ್ತಿತ್ತು. ಕಲಿಸಿದವನು ಲಾಂಡ್ರಿಯಲ್ಲಿ ಪಕ್ಕದ ಮೇಜಿನ ಇಸ್ತ್ರಿಯವನು, ಅವಳ ಹಾಗೇ ಕಿವಿ ಕೇಳದವನು. ಭಾನುವಾರಗಳಂದು ಇಬ್ಬರೂ ಕಿವುಡರ ಸಂಘಕ್ಕೆ ಹೋಗುತ್ತಿದ್ದರು. ಯಾರೋ ಹೇಳಿದರೆಂದು ಅಮ್ಮ ಒಂದು ಭಾನುವಾರ ಹೋಗಿ ಕಿಟಕಿಯಿಂದ ನೋಡಿ ಬಂದಳು. ಮುಟ್ಟಿಕೊಂಡೂ ಕೂತಿರಲಿಲ್ಲ, ಎದುರುಬದುರು ಕೂತು ಮಾತಾಡುತ್ತಿದ್ದರು, ಅಕ್ಕ ಹೊಟ್ಟೆ ಹಿಡಿದು ನಗುತ್ತಿದ್ದಳು, ಅಷ್ಟೇ. ಅಮ್ಮ ಮನೆಗೆ ಬಂದು ಚಪ್ಪಲಿ ಬಿಡದೆ ಅಡುಗೆಮನೆಯಲ್ಲಿ ಕೂತುಬಿಟ್ಟಳು.

"ನಾಳೆ ಹುಟ್ಟೋದೂ ಹಾಗೇ ಆದ್ರೆ? ಸಾಕೋರು ಯಾರೋ, ನೀನಾ? ನಾನು ಕಣ್ಮುಚ್ಚಿದ ಮೇಲೆ ಒಂದಲ್ಲ, ಎರಡಲ್ಲ, ಮೂರು ಮೂಗರು ನಿನ್ನ ತಲೆ ಮೇಲೆ."

"ಅಮ್ಮಾ, ಸುಮ್ನಿರು."

"ಸುಮ್ನಿದ್ದು ಸುಮ್ನಿದ್ದೇ ಇಲ್ಲಿಗೆ ಬಂತು."

ಐದು ತಿಂಗಳ ಬಸುರಿ ಹೆಂಡತಿ ಅಂದು ಮಲಗುವ ಹೊತ್ತಿಗೆ, ಗೋಡೆ ಕಡೆ ತಿರುಗಿಕೊಂಡೇ, "ನಮ್ಮದಕ್ಕೆ ಹಾಗೇನೂ ಆಗಲ್ಲ ಅಲ್ವಾ?" ಎಂದು ಕೇಳಿದ್ದಳು. ಅವನು ಇಲ್ಲ ಎಂದ. ಎಷ್ಟು ಬೇಗ ಎಂದನೆಂದರೆ ಹೆಂಡತಿ ತಿರುಗಿ ಅವನ ಮುಖ ನೋಡಿದಳು.

ಡಾಕ್ಟರಮ್ಮನ ಕೋಣೆ ಚಿಕ್ಕದು. ಕಿಟಕಿಗೆ ಹಸಿರು ಬಣ್ಣ ಬಳಿದಿದ್ದರಿಂದ ಒಳಗೆ ಕೂತವರ ಮುಖವೆಲ್ಲ ನೀರಿನಡಿ ಇದ್ದಂತೆ ಕಾಣುತ್ತಿತ್ತು. ಬಾಗಿಲ ಹತ್ತಿರ ನಡುವಯಸ್ಸಿನ ಆಯಾ ಒಬ್ಬಳು ಒಗೆದ ಬಟ್ಟೆಯ ರಾಶಿಯನ್ನು ಎಣಿಸಿ ಅಲಮಾರಿಗೆ ಸೇರಿಸುತ್ತಿದ್ದಳು. ಡಾಕ್ಟರಮ್ಮ ಒಳ್ಳೆಯವರು. ಅದೂ ಅವನಿಗೆ ಕಷ್ಟವಾಯಿತು. ಅಕ್ಕನ ಮುಖ ನೋಡಿಕೊಂಡೇ, ಮೆಲ್ಲಗೆ, ಒಂದೊಂದೇ ಮಾತು ಆಡಿದರು, ಹಾಗೆ ಆಡಿದರೆ ಕೇಳುತ್ತದೆಂಬಂತೆ.

"ಗರ್ಭಕೋಶ ತೆಗೆಯೋ ಆಪರೇಷನ್ ಅಂತ ಇವರಿಗೆ ಗೊತ್ತಾ? ಕೇಳಿ."

ಅವನು ಕೈಯೆತ್ತಿದ. ಹೊಟ್ಟೆಯಲ್ಲಿ ಕಲ್ಲು ಇದೆ. ತೆಗೆಯುತ್ತಾರೆ. ಆಮೇಲೆ ನೋವಿಲ್ಲ. ಅಕ್ಕ ತಲೆಯಾಡಿಸಿದಳು.

"ಗೊತ್ತಂತೆ."

"ಇನ್ನು ಮುಂದೆ ಮಕ್ಕಳಾಗಲ್ಲ. ಅದು ಸ್ಪಷ್ಟವಾಗಿ ಹೇಳಿ. ಬೇಕಾದ್ರೆ ಯೋಚನೆ ಮಾಡಿ ಹೇಳಲಿ, ಅವಸರ ಏನಿಲ್ಲ."

ಎತ್ತಿದ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಮಗು ಎನ್ನಲು ಅವರ ಭಾಷೆಯಲ್ಲಿ ಮಾತಿತ್ತು. ಸುಲಭದ ಮಾತು, ತೋಳಲ್ಲಿ ತೂಗುವುದು, ಯಾರಿಗಾದರೂ ತಿಳಿಯುವಂಥದ್ದು. ಅದಕ್ಕೇ ಅದನ್ನು ಆಡಲಾಗಲಿಲ್ಲ. ವಾರದೊಳಗೆ ಕೆಲಸಕ್ಕೆ ಹೋಗಬಹುದಂತೆ, ಹೆದರಬೇಡ, ಎಂದ ಅವನ ಕೈ. ಅಕ್ಕನ ಮುಖ ಅರಳಿತು. ಡಾಕ್ಟರಮ್ಮನ ಕಡೆ ತಿರುಗಿ ಎರಡು ಸಲ, ಮೂರು ಸಲ ತಲೆಯಾಡಿಸಿದಳು.

"ಒಪ್ಪಿಗೆಯಂತೆ," ಎಂದ ಅವನು. ತನ್ನ ದನಿ ತನಗೇ ಕೋರ್ಟಿನ ದನಿಯಂತೆ ಕೇಳಿತು. ಅಕ್ಕ ನಾಲಿಗೆಯ ತುದಿ ಕಚ್ಚಿಕೊಂಡು, ಅವನೇ ಕಲಿಸಿದ್ದ ನಾಲ್ಕಕ್ಷರದ ಸಹಿಯನ್ನು ಓರೆಯಾಗಿ ಬರೆದಳು. ಬಾಗಿಲ ಹತ್ತಿರ ಬಟ್ಟೆ ಎಣಿಸುವ ಸದ್ದು ನಿಂತಿರುವುದು ಅವನಿಗೆ ಆಗ ತಿಳಿಯಿತು. ತಿರುಗಿ ನೋಡಲಿಲ್ಲ. ಬೆನ್ನಿನ ಮೇಲೆ ಯಾರೋ ಒದ್ದೆ ಅಂಗೈ ಇಟ್ಟಂತಿತ್ತು.

ಅಕ್ಕನನ್ನು ವಾರ್ಡಿಗೆ ಸೇರಿಸಿ, ಮರುದಿನ ಬೆಳಿಗ್ಗೆ ಅವನು ಹೊರಗೆ ಕೂತಿದ್ದ ಓಣಿ ಉದ್ದಕ್ಕಿತ್ತು. ಕೊನೆಯಲ್ಲಿ ಎರಡು ಕದದ ಬಾಗಿಲು, ಅದರ ಮೇಲೆ ಉರಿಯದ ಕೆಂಪು ದೀಪ. ಒಂದು ಗಾಲಿ ಕಿರುಗುಡುವ ತಳ್ಳುಮಂಚ ಆಗಾಗ ಬಂದು ಒಬ್ಬರನ್ನು ಒಯ್ಯುತ್ತಿತ್ತು. ಆ ಕಿರುಗುಡುವಿಕೆ ದೂರದ ತಿರುವಿನಲ್ಲಿ ಹುಟ್ಟಿ, ದೊಡ್ಡದಾಗಿ, ಎದುರಿಗೆ ಹಾದು, ಆ ಬಾಗಿಲಲ್ಲಿ ಪಟ್ಟನೆ ಕತ್ತರಿಸಿಹೋಗುತ್ತಿತ್ತು. ಅಕ್ಕನಿಗೆ ಅದು ಕೇಳುವುದಿಲ್ಲ, ತನಗೆ ಮಾತ್ರ ಕೇಳುತ್ತದೆ ಎಂಬುದು ಇಡೀ ಜನ್ಮದಲ್ಲಿ ಮೊದಲ ಸಲ ಶಿಕ್ಷೆಯಂತೆ ಅನ್ನಿಸಿತು. ಒಂಬತ್ತು ವರ್ಷದವನಿದ್ದಾಗ ಬೇರೆ ಊರಿನಿಂದ ಒಬ್ಬ ಟೀಚರು ಮನೆಗೆ ಬಂದಿದ್ದರು. ಕಿವುಡ ಮಕ್ಕಳ ಶಾಲೆ, ಅಲ್ಲೇ ಇರುವುದು, ಅಲ್ಲೇ ಊಟ. ಅಪ್ಪ ಹೂಂ ಎಂದಿದ್ದ, ಅಮ್ಮನೂ ಅರೆಮನಸ್ಸಿನಿಂದ ಹೂಂ ಎಂದಿದ್ದಳು. "ಅವಳನ್ನ ಕೇಳೋ, ಹೋಗ್ತಾಳಾ ಅಂತ." ಅವನು ಕೇಳಿದ. ಹನ್ನೆರಡು ವರ್ಷದ ಅಕ್ಕ ಎದ್ದೇ ನಿಂತಳು. ಹೋಗ್ತೀನಿ, ಈಗಲೇ, ಬಟ್ಟೆ ತರ್ತೀನಿ, ಎಂದು ಎರಡೂ ಕೈ ಒಂದರ ಮೇಲೊಂದು ಬಿದ್ದು ಹೇಳುತ್ತಿದ್ದವು. ಅವಳು ಹೋದರೆ ಮನೆಯಲ್ಲಿ ತಾನು ಯಾರ ಜೊತೆ ಆಡುವುದು, ಆ ಭಾಷೆಯನ್ನು ಯಾರ ಹತ್ತಿರ ಆಡುವುದು, ಎಂದುಕೊಂಡು, "ಹೋಗಲ್ಲಂತೆ. ಅಮ್ಮನ್ನ ಬಿಟ್ಟು ಇರಕ್ಕಾಗಲ್ಲಂತೆ," ಅಂದುಬಿಟ್ಟ. ಹಾಗೆ ಹೇಳು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅಕ್ಕನನ್ನು ಅಪ್ಪಿಕೊಂಡಳು. ಅಕ್ಕ ಅದನ್ನು ಬೀಳ್ಕೊಡುಗೆ ಎಂದುಕೊಂಡಳು. ಗಂಟು ಕಟ್ಟಿಕೊಂಡು ಹತ್ತು ದಿನ ಹೊಸ್ತಿಲ ಹತ್ತಿರ ಕೂತಳು. ಹನ್ನೊಂದನೆಯ ದಿನ ಅವನೇ ಹೇಳಿದ: ಶಾಲೆ ಮುಚ್ಚಿತಂತೆ.

"ಯಾವ ಕಲ್ಲು, ಸಾರ್?"

ಆಯಾ ಎದುರಿಗೆ ನಿಂತಿದ್ದಳು. ಕೈಯಲ್ಲಿ ಅಕ್ಕನಿಗೆ ಹಾಕಲು ತಂದ ಹಿಂದೆ ಕಟ್ಟುವ ನಿಲುವಂಗಿ.

"ಏನು?"

"ನಿನ್ನೆ ಡಾಕ್ಟರಮ್ಮ ಗರ್ಭಕೋಶ ಅಂದ್ರು. ನೀವು ಕಲ್ಲು ಅಂದ್ರಿ. ಯಾವ ಕಲ್ಲು ಅಂತ ಕೇಳ್ದೆ." ದನಿಯಲ್ಲಿ ಜಗಳವಿರಲಿಲ್ಲ, ದಾರಿ ಕೇಳುವವಳ ಹಾಗೆ ಕೇಳಿದಳು. "ನನ್ನ ಮಗಳಿಗೂ ಕಿವಿ ಕೇಳಲ್ಲ. ಅವಳ ಶಾಲೆಯೋರು ನಮಗೂ ಕಲಿಸ್ತಾರೆ. ನಿಮ್ಮ ಕೈಮಾತು ಬೇರೆ, ಆದ್ರೂ ಹೊಟ್ಟೆ, ಕಲ್ಲು ಅಂದಿದ್ದು ಗೊತ್ತಾಯ್ತು. ಮಗು ಅನ್ನೋ ಮಾತು ನೀವು ಆಡಲೇ ಇಲ್ಲ."

"ನಿನ್ನ ಕೆಲಸ ನೀನು ನೋಡ್ಕೊ," ಎಂದ ಅವನು. ತನಗಿಂತ ಹತ್ತು ವರ್ಷ ದೊಡ್ಡವಳನ್ನು ಏಕವಚನದಲ್ಲಿ ಮಾತಾಡಿಸಿದ್ದು ಕಿವಿಗೆ ಬಿದ್ದರೂ ನಿಲ್ಲಿಸಲಾಗಲಿಲ್ಲ. "ಕೋರ್ಟಿನಲ್ಲಿ ಕೆಲಸ ಮಾಡೋನು ನಾನು. ಮನೆ ವಿಷಯಕ್ಕೆ ಬಾಯಿ ಹಾಕಿದ್ರೆ ಬರೆದು ಕೊಡ್ತೀನಿ. ಗುತ್ತಿಗೆ ಮೇಲೆ ಇರೋಳು ತಾನೆ ನೀನು?"

ಆಯಾ ಅವನ ಕೈಗಳನ್ನು ನೋಡಿದಳು. ಮುಖ ನೋಡಲಿಲ್ಲ. "ಕರ್ಕೊಂಡು ಹೋಗೋಕೆ ಇನ್ನೂ ಅರ್ಧ ಗಂಟೆ ಇದೆ," ಎಂದು ಹೇಳಿ, ಅಂಗಿಯನ್ನು ಅವನ ತೊಡೆಯ ಮೇಲಿಟ್ಟು ಹೋದಳು. ಗೆದ್ದೆ ಎಂದು ಒಂದು ಗಳಿಗೆ ಅನ್ನಿಸಿತು. ಅಂಗಿ ಎತ್ತಿಕೊಂಡು ಎದ್ದು ವಾರ್ಡಿನೊಳಗೆ ಹೋದ.

ಅಂಗಿ ತೊಟ್ಟುಕೊಂಡ ಅಕ್ಕ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಳು. ಅಂಗಿಯ ಅಂಚನ್ನು ತೊಡೆಯ ಮೇಲೆ ಹರವಿ ಅಂಗೈಯಿಂದ ತೀಡುತ್ತ, ಅವನನ್ನು ಹತ್ತಿರ ಕರೆದಳು. ಬೇರೆಯವರಿಗೆ ಕಾಣದಿರಲೆಂದು ಮೈ ಮರೆ ಮಾಡಿ, ಹೊಟ್ಟೆಯ ಹತ್ತಿರವೇ ಕೈ ಸಣ್ಣದಾಗಿ ಆಡಿಸಿದಳು. ಗುಟ್ಟು ಹೇಳುವಾಗ ಅವಳು ಹೀಗೆ. ಇಸ್ತ್ರಿಯವನು, ನಾನು, ಮದುವೆ. ಕಾಗದಕ್ಕೆ ಸಹಿ ಹಾಕುವ ಮದುವೆ. ನೀನು ಬರಬೇಕು. ಅಮ್ಮನಿಗೆ ಆಮೇಲೆ ಹೇಳೋಣ. ಅವನು ತಲೆಯಾಡಿಸಿದ, ಆಡಿಸದೆ ಇರುವುದು ಹೇಗೆಂದು ಗೊತ್ತಾಗಲಿಲ್ಲ. ಅವಳು ಕೆಳಗೆ ನೋಡಿದಳು. ಮತ್ತೆ ನೋಡಿದಾಗ ಮುಖ ಕೆಂಪಾಗಿತ್ತು. ಎರಡು ತೋಳು ಸೇರಿಸಿ, ಕಂಡೂ ಕಾಣದಂತೆ, ಒಂದೇ ಸಲ ತೂಗಿದಳು. ಕಲ್ಲು ತೆಗೆದ ಮೇಲೆ ಎಷ್ಟು ದಿನಕ್ಕೆ? ಡಾಕ್ಟರನ್ನು ಕೇಳು. ನನಗೆ ನಾಚಿಕೆ, ನೀನೇ ಕೇಳಿದ ಹಾಗೆ ಕೇಳು.

ಓಣಿಯ ತಿರುವಿನಲ್ಲಿ ಗಾಲಿ ಕಿರುಗುಡತೊಡಗಿತು. ಅದೇ ಹೊತ್ತಿಗೆ ಡಾಕ್ಟರಮ್ಮ ಒಳಗೆ ಬಂದರು. ಅಕ್ಕ ಆಸೆಯಿಂದ ಅವರನ್ನು ನೋಡಿ, ಅವನನ್ನು ನೋಡಿ, ಗಲ್ಲ ಎತ್ತಿ ತೋರಿಸಿದಳು: ಕೇಳು.

"ಏನಂತೆ?" ಎಂದರು ಡಾಕ್ಟರಮ್ಮ.

ಗಾಲಿ ಹತ್ತಿರ ಬರುತ್ತಿತ್ತು. ಹೇಳಿಬಿಡಬಹುದಿತ್ತು. ಅವನಿಗೆ ಆಮೇಲೆ ನೆನಪಾಗುತ್ತಿದ್ದದ್ದು ಇದೇ: ಮಾತು ಬಾಯಿಯ ತನಕ ಬಂದಿತ್ತು, ಬಾಯಿ ತೆರೆದೂ ಇತ್ತು.

"ಸ್ವಲ್ಪ ಭಯ ಅಂತಾಳೆ."

"ಅಯ್ಯೋ, ಭಯ ಯಾಕಮ್ಮಾ," ಎಂದು ಡಾಕ್ಟರಮ್ಮ ಅಕ್ಕನ ಕೆನ್ನೆ ತಟ್ಟಿದರು. ಅಕ್ಕ ಅದನ್ನು ಒಳ್ಳೆಯ ಉತ್ತರ ಎಂದುಕೊಂಡು ನಕ್ಕಳು. ತಳ್ಳುಮಂಚ ಮಂಚಕ್ಕೆ ತಾಗಿ ನಿಂತಿತು. ತಳ್ಳಿಕೊಂಡು ಬಂದಿದ್ದವಳು ಆಯಾ. ಹಿಡಿಯಿಂದ ಎರಡೂ ಕೈ ತೆಗೆದಳು. ತೆಗೆದ ಕೈಗಳನ್ನು ತನ್ನ ಬಟ್ಟೆಗೆ ಒರೆಸಿಕೊಂಡಳು, ಒದ್ದೆಯಿರಲಿಲ್ಲವಾದರೂ. ಅಕ್ಕನ ಎದುರಿಗೆ ನಿಂತು ಆಡತೊಡಗಿದಳು.

ಅದು ಅಕ್ಕ ಸಂಘದಲ್ಲಿ ಕಲಿತ ಕೈಭಾಷೆ, ಅವನಿಗೆ ಅರ್ಧವೂ ತಿಳಿಯಲಿಲ್ಲ. ತೂಗುವ ತೋಳು ತಿಳಿಯಿತು. ಎಂದೂ ಇಲ್ಲ ಎಂಬುದು ತಿಳಿಯಿತು, ಯಾಕೆಂದರೆ ಅದನ್ನು ಅವಳು ಎರಡು ಸಲ ಹೇಳಿದಳು. ಅಕ್ಕ ಮೊದಲು ನಗುತ್ತಲೇ ಇದ್ದಳು, ಈ ಹೆಂಗಸಿಗೆ ತನ್ನ ಭಾಷೆ ಬರುತ್ತದೆಂಬ ಬೆರಗಿನ ನಗು. ಆ ನಗು ಹೋಗಲು ಬಹಳ ಹೊತ್ತು ಹಿಡಿಯಿತು. ಎದೆಯೊಳಗಿಂದ ಒಂದು ಸದ್ದು ಬಂತು, ಅವಳಿಗೆ ಕೇಳದ ಅವಳದೇ ಸದ್ದು, ವಾರ್ಡಿನವರೆಲ್ಲ ತಿರುಗಿ ನೋಡುವಂಥದ್ದು. ಆಮೇಲೆ ಅವಳ ಕೈಗಳು ಎದ್ದವು. ಅವನು ಎಂದೂ ಕಾಣದ ವೇಗದಲ್ಲಿ, ಕಾಣದ ಮಾತುಗಳಲ್ಲಿ.

"ಏನು ನಡೀತಿದೆ ಇಲ್ಲಿ?" ಎಂದರು ಡಾಕ್ಟರಮ್ಮ.

ಅವನು ಬಾಯಿ ತೆರೆಯುವ ಮೊದಲೇ ಆಯಾ ಅಕ್ಕನ ಕೈಗಳ ಮೇಲಿಂದ ಕಣ್ಣು ತೆಗೆಯದೆ ಗಟ್ಟಿಯಾಗಿ ಹೇಳತೊಡಗಿದಳು. "ನನ್ನ ಹೊಟ್ಟೆಯಿಂದ ಏನು ತೆಗೀತೀರಾ ಅಂತ ನನ್ನನ್ನ ಕೇಳಿ. ನಾನು ಕಲ್ಲು ಅಂತ ಸಹಿ ಹಾಕ್ದೆ. ನಾನು ಮದುವೆ ಆಗೋಳು. ನಾನು ಮಗು ಬೇಡ ಅಂದಿಲ್ಲ."

ನಾನು, ನಾನು, ನಾನು. ಅವನು ಮೂವತ್ತು ವರ್ಷ 'ಅಂತೆ' ಎಂದಿದ್ದ: ಹಸಿವಂತೆ, ಬೇಡವಂತೆ, ಒಪ್ಪಿಗೆಯಂತೆ. ಕೋರ್ಟಿನಲ್ಲಿ ಕಳ್ಳನ ಮಾತನ್ನೂ 'ನಾನು' ಎಂದೇ ಬರೆದುಕೊಂಡಿದ್ದ ಅವನ ಬಾಯಲ್ಲಿ ಅಕ್ಕ ಒಂದು ದಿನವೂ ನಾನು ಆಗಿರಲಿಲ್ಲ.

ಆಯಾ ತಡೆದು ನಿಂತಳು. "ಇದೊಂದು ಮಾತು ನಂಗೆ ಗೊತ್ತಾಗ್ತಿಲ್ಲ, ಡಾಕ್ಟರಮ್ಮಾ. ಮಾಡಿದ್ದು ಯಾರು ಅಂತ ಹೇಳ್ತಿದಾರೆ. ಹೀಗೆ ಮೂಗು ಒರೆಸ್ಕೊಳ್ಳೋದು... ಇದು ಯಾರು?"

ಅಕ್ಕ ಮತ್ತೊಮ್ಮೆ ಮೂಗು ಒರೆಸಿಕೊಂಡಳು. ಎಳೆಯ ಮಗುವಿನಂತೆ, ತೋಳಿನಿಂದ.

"ಅದು ನಾನು," ಎಂದ ಅವನು.

ಡಾಕ್ಟರಮ್ಮ ಫೈಲು ತೆರೆದರು. ಸಹಿಯ ಕಾಗದವನ್ನು ಹರಿಯುತ್ತಾರೆಂದು ಅವನು ಕಾದ. ಹರಿದರೆ ಅದೊಂದು ಮುಗಿಯುತ್ತಿತ್ತು. ಹರಿಯಲಿಲ್ಲ. ಅಡ್ಡಗೆರೆ ಎಳೆದು, ತಾರೀಕು ಹಾಕಿ, ಫೈಲಿನೊಳಗೆ ಜೋಪಾನವಾಗಿಟ್ಟರು. "ನಾನು ಮೇಲಿನವರಿಗೆ ಬರೀಬೇಕಾಗುತ್ತೆ. ನನ್ನದೂ ತಪ್ಪಿದೆ, ಅದನ್ನೂ ಬರೀತೀನಿ. ನಿಮ್ಮ ಆಫೀಸಿನ ವಿಳಾಸ ಕೊಡಿ." ಕೋರ್ಟಿನ ವಿಳಾಸವನ್ನು ಅವನು ದುಂಡಗೆ ಬರೆದುಕೊಟ್ಟ. ಅಕ್ಕ ತಳ್ಳುಮಂಚದ ಆಚೆ ಬದಿಗೆ ಇಳಿದು, ಆಯಾಳ ಕೈಹಿಡಿದು, ಬಟ್ಟೆ ಬದಲಿಸಲು ಹೋದಳು. ಇಸ್ತ್ರಿಯವನಿಗೆ ಹೇಳಿಕಳಿಸಿದ್ದಾರೆ, ನೀವು ಹೋಗಬಹುದು, ಎಂದು ನರ್ಸು ಬಂದು ಹೇಳಿದಾಗಲೂ ಅವನು ಆ ಖಾಲಿ ತಳ್ಳುಮಂಚದ ಪಕ್ಕದಲ್ಲೇ ನಿಂತಿದ್ದ.

ಮನೆಯಲ್ಲಿ, ಆಸ್ಪತ್ರೆಯವರು ಇಟ್ಟುಕೊಂಡಿದ್ದಾರೆ, ಎಂದ. "ಎಲ್ಲ ಸುಸೂತ್ರ ಆಯ್ತಾ?" ಎಂದು ಅಮ್ಮ ಕೇಳಿದ್ದಕ್ಕೆ, ಆಯ್ತು ಎಂದ. ನೋಡಲು ಹೋಗೋಣವೆಂದರೆ ಇವತ್ತು ಬಿಡುವುದಿಲ್ಲ, ನಾಳೆ ಬಿಡುವುದಿಲ್ಲ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅಮ್ಮ ಮಾತ್ರ ಹಗುರಾಗಿದ್ದಳು. ಹಳೆಯ ಬಟ್ಟೆ ತೆಗೆದು ಹುಟ್ಟಲಿರುವ ಮೊಮ್ಮಗುವಿಗೆಂದು ಚೌಕಗಳಾಗಿ ಕತ್ತರಿಸುತ್ತಿದ್ದಳು, ಕೂತಲ್ಲೇ ಯಾವುದೋ ಹಾಡು ಗುನುಗುತ್ತಿದ್ದಳು. ನಾಲ್ಕನೆಯ ದಿನ ಕೋರ್ಟಿನಲ್ಲಿ ಅವನ ಮೇಜಿನ ಮೇಲೆ ಉದ್ದನೆಯ ಲಕೋಟೆ ಬಂದು ಕೂತಿತ್ತು. ಸಾಹೇಬರಿಗೂ ಒಂದು ಪ್ರತಿ ಹೋಗಿದೆ, ಎಂದು ಜವಾನ ಪಿಸುಗುಟ್ಟಿದ. ಅದನ್ನು ಒಡೆಯದೆ ಒಳಜೇಬಿಗೆ ಸೇರಿಸಿಕೊಂಡು ಮಧ್ಯಾಹ್ನವೇ ಮನೆಗೆ ಬಂದರೆ, ಬಾಗಿಲು ತೆರೆದಿತ್ತು. ಗೇಟಿನ ಹೊರಗೆ, ನೆರಳಿದ್ದರೂ ನೆರಳಿಗೆ ಬಾರದೆ, ಕೈಕಟ್ಟಿಕೊಂಡು ಇಸ್ತ್ರಿಯವನು ನಿಂತಿದ್ದ.

ಅಕ್ಕ ತನ್ನ ಬಟ್ಟೆಗಳನ್ನು ಮಡಚಿ ಪೆಟ್ಟಿಗೆಗೆ ಇಡುತ್ತಿದ್ದಳು. ಒಂದರ ಮೇಲೊಂದು, ಅಂಚಿಗೆ ಅಂಚು. ಅಮ್ಮ ಅವಳ ಸುತ್ತಮುತ್ತ ಸುಳಿದಾಡುತ್ತಿದ್ದಳು.

"ನೋಡೋ, ನಾಲ್ಕೇ ದಿನಕ್ಕೆ ಹೇಗೆ ಓಡಾಡ್ತಿದಾಳೆ! ಹೊಲಿಗೆ ಬಿಚ್ಚಿಕೊಂಡೀತು, ಕೂತ್ಕೋ ಅಂತ ಹೇಳೋ. ಆ ಗೇಟಲ್ಲಿ ನಿಂತಿರೋನು ಅವನೇ ತಾನೆ? ಪೆಟ್ಟಿಗೆ ಯಾಕಂತೆ? ಇನ್ನೇನು ಭಯ ಇಲ್ವಲ್ಲ, ಬರ್ಲಿ ಬಿಡು ಅವನೂ ಒಳಗೆ." ಅಮ್ಮನ ದನಿಯಲ್ಲಿ ಈಚಿನ ತಿಂಗಳುಗಳಲ್ಲಿ ಇಲ್ಲದ ಮಮತೆಯಿತ್ತು. ಅಕ್ಕನ ತಲೆಗೂದಲನ್ನು ಹಿಂದಕ್ಕೆ ಸವರಿದಳು. ಅಕ್ಕ ಸವರಲು ಬಿಟ್ಟಳು, ಮಡಚುವುದನ್ನು ನಿಲ್ಲಿಸಲಿಲ್ಲ. "ಪಾಪ, ಒಣಗಿಹೋಗಿದಾಳೆ. ಬಿಸಿ ಅನ್ನ ಇದೆ, ಊಟ ಮಾಡ್ಕೊಂಡು ಹೋಗು ಅನ್ನೋ."

ಅವನು ಅಕ್ಕನ ಎದುರಿಗೆ ಬಂದು ಕೈಯೆತ್ತಿದ. ಅವಳು ಪೆಟ್ಟಿಗೆಯ ಕಡೆ ನೋಡುತ್ತಿದ್ದಳು. ಬದಿಗೆ ಸರಿದು ನಿಂತ. ಅವಳು ಬೇರೆ ಬದಿಗೆ ತಿರುಗಿ ಇನ್ನೊಂದು ಬಟ್ಟೆ ಎತ್ತಿಕೊಂಡಳು. ಕರೆದರೆ ಕೇಳುವವಳಲ್ಲ, ಮುಟ್ಟಿ ಕರೆಯಬಹುದಿತ್ತು, ಭುಜದ ತನಕ ಹೋದ ಬೆರಳು ಅಲ್ಲೇ ನಿಂತಿತು. ಅವಳಿಗೆ ತಾನು ಅಲ್ಲಿರುವುದು ಗೊತ್ತಿತ್ತು. ಗೊತ್ತಿದ್ದೇ ಅವಳು ಒಂದು ಸಲವೂ ಕಣ್ಣೆತ್ತಲಿಲ್ಲ. ಅವನ ಕೈಗಳು ಎದೆಯೆತ್ತರಕ್ಕೆ ಎದ್ದು, ಊಟ ಎಂಬ ಮಾತಿನ ಆಕಾರದಲ್ಲೇ ಹಿಡಿದುಕೊಂಡಿದ್ದವು. ಒಳಜೇಬಿನ ಲಕೋಟೆಯ ಮೂಲೆ ಪಕ್ಕೆಗೆ ಒತ್ತುತ್ತಿತ್ತು. ಪೆಟ್ಟಿಗೆಯ ಮುಚ್ಚಳ ಬಿತ್ತು. ಅಕ್ಕ ಅದನ್ನೆತ್ತಿಕೊಂಡು ಹೊಸ್ತಿಲು ದಾಟಿ, ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಯ ಪಕ್ಕದಿಂದ ಬಿಸಿಲಿಗೆ ಇಳಿದಳು.

"ಹೇಳಿದ್ಯೇನೋ?" ಎಂದು ಅಮ್ಮ ಕೇಳಿದಳು.

"ಹೇಳ್ದೆ."

"ಏನಂದ್ಲು?"

ಹೆಂಡತಿ ಅವನ ಬಾಯನ್ನೇ ನೋಡುತ್ತಿದ್ದಳು.

"ಹಸಿವಿಲ್ವಂತೆ," ಎಂದ.